ಯಾರೂ ಸಾಯದ ಪಿಕ್ಚರುಗಳು

ನಮ್ಮ ದೊಡ್ಡ ಮೇಡಂ ತೀರಿಕೊಂಡ ಸುದ್ದಿ ಶನಿವಾರಸಂತೆಯ ಬಸ್ ಸ್ಟ್ಯಾಂಡಿಗೆ ಮುಟ್ಟಿದಾಗ ಅಲ್ಲಿದ್ದವರು ಮೊದಲು ಅಂದದ್ದು ‘ಅಯ್ಯೋ ಪಾಪ’ ಅಂತಲ್ಲ. ‘ಯಾರು, ದೊಡ್ಡ ಮೇಡಮ್ಮಾ? ಸುಮ್ನಿರ್ರೀ, ಅವ್ರೆಲ್ಲಿ ಸಾಯ್ತಾರೆ’ ಅಂತ. ಆಟೋ ಸ್ಟ್ಯಾಂಡಿನಲ್ಲಿ ಒಬ್ಬ ಸೇದುತ್ತಿದ್ದ ಬೀಡಿಯನ್ನು ಬೆನ್ನ ಹಿಂದೆ ಮರೆಮಾಡಿದ. ಅವರ ಹೆಸರು ಕಿವಿಗೆ ಬಿದ್ದರೆ ಸಾಕು, ಊರಿನ ಅರ್ಧ ಗಂಡಸರ ಕೈ ತಾನಾಗಿ ಹಿಂದಕ್ಕೆ ಹೋಗುತ್ತದೆ. ಈ ಬೀಡಿಯವನಿಗೆ ಮೊಮ್ಮಗ ಇದ್ದಾನೆ.

ಅವರು ನಮ್ಮೂರ ಪ್ರೌಢಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿದ್ದರು, ನಾನು ಅಲ್ಲೇ ಪಿ.ಟಿ. ಮೇಷ್ಟ್ರು. ಅವರ ತಲೆ ನನ್ನ ಭುಜಕ್ಕೆ ಬರುತ್ತಿತ್ತು. ಆದರೂ ಇಷ್ಟು ವರ್ಷ ಅವರು ನನ್ನನ್ನು ಮಹಡಿ ಮೇಲಿಂದಲೇ ನೋಡಿದರು. ಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಗಡೆಗೆ ಕಟ್ಟುತ್ತಿದ್ದರು. ಟೈಮು ನೋಡಬೇಕಾದರೆ ಅಂಗೈಯನ್ನು ಮೇಲೆ ಮಾಡಿ ಹಿಡಿಯುತ್ತಿದ್ದರು. ಎದುರಿಗಿದ್ದವನಿಗೆ ಈಗ ಕೆನ್ನೆಗೆ ಬೀಳುತ್ತದೋ ಏನೋ ಎಂದು ಜೀವ ಝಲ್ಲೆನ್ನುತ್ತಿತ್ತು. ಒಂದು ದಿನವೂ ಯಾರಿಗೂ ಹೊಡೆದವರಲ್ಲ. ಹೊಡೆಯುವ ಅಗತ್ಯವೇ ಬೀಳಲಿಲ್ಲ.

ಶನಿವಾರ ಅವರು ಚೀಲ ಹಿಡಿದು ಸಂತೆಗೆ ಬಂದರೆ ನೋಡಬೇಕಿತ್ತು. ಶುಂಠಿ ಮಾರುವವನು ಅವರ ಹಳೇ ಶಿಷ್ಯ, ಮೀಸೆ ನರೆತವನು. ಮೇಡಂ ಅವನ ರಾಶಿಯ ಮುಂದೆ ನಿಂತು ‘ಹದಿನೇಳರ ಮಗ್ಗಿ ಹೇಳು’ ಎನ್ನುತ್ತಿದ್ದರು. ಅವನು ಗಿರಾಕಿಗಳ ಎದುರೇ ಕೈ ಕಟ್ಟಿ ಹೇಳಬೇಕು. ನಡುವೆ ತೊದಲಿದರೆ ಮೇಡಂ ಶುಂಠಿ ಮುಟ್ಟದೆ ಮುಂದಿನವನ ಹತ್ತಿರ ಹೋಗುತ್ತಿದ್ದರು. ಅಲ್ಲಿ ಕೂತವನೂ ಶಿಷ್ಯನೇ, ಅವನಿಗಂತೂ ಏಳರದ್ದೇ ಬರುವುದಿಲ್ಲ. ಹೀಗಾಗಿ ಶುಂಠಿ ಬೆಳೆಯುವ ಊರಲ್ಲಿದ್ದೂ ಅವರ ಮನೆಯ ಚಹಾದಲ್ಲಿ ಎಷ್ಟೋ ವಾರ ಶುಂಠಿ ಇರುತ್ತಿರಲಿಲ್ಲ.

‘ನಾನು ಹೇಳಿದ್ದು ತಪ್ಪಿರಬಹುದು ಮೇಷ್ಟ್ರೇ. ಆದ್ರೆ ಹೇಳಿದ್ದು ನಾನು’ ಎಂಬುದು ಅವರ ಮಾತು. ಸ್ಟಾಫ್ ರೂಮಿನಲ್ಲಿ ಇದಾದ ಮೇಲೆ ಮಾತಾಡುವುದಕ್ಕೆ ಏನೂ ಉಳಿಯುತ್ತಿರಲಿಲ್ಲ.

ಒಮ್ಮೆ ವಾರ್ಷಿಕೋತ್ಸವಕ್ಕೆ ನಾನೊಂದು ನಾಟಕ ಮಾಡಿಸಿದ್ದೆ. ಕೊನೆಯಲ್ಲಿ ರಾಜನ ಎದೆಗೆ ಬಾಣ ನಾಟಿ ಅವನು ಸಾಯಬೇಕು. ಪ್ರಾಕ್ಟೀಸು ನೋಡಲು ಬಂದ ಮೇಡಂ ಕುರ್ಚಿಯಿಂದ ಎದ್ದರು. ‘ಶಾಲೆ ಸ್ಟೇಜಲ್ಲಿ ಯಾರೂ ಸಾಯೋದು ಬೇಡ. ಚಿಕ್ಕ ಮಕ್ಕಳು ಮುಂದೆ ಕೂತಿರ್ತವೆ. ರಾಜ ಕಾಶಿಗೆ ಹೋಗ್ಲಿ.’

‘ಮೇಡಂ, ಬಾಣ ನಾಟಿದೆಯಲ್ಲ?’ ಎಂದೆ.

‘ಇರ್ಲಿ. ನಾಟಿಸ್ಕೊಂಡೇ ಹೋಗ್ಲಿ.’

ಅವತ್ತು ನಮ್ಮ ರಾಜ ಎದೆಯಲ್ಲಿ ಬಾಣ ಸಿಕ್ಕಿಸಿಕೊಂಡು, ಕೈಯಲ್ಲಿ ಕಮಂಡಲ ಹಿಡಿದು, ಎಲ್ಲರಿಗೂ ನಮಸ್ಕಾರ ಮಾಡಿ ಕಾಶಿಗೆ ಹೋದ. ಜನ ಚಪ್ಪಾಳೆ ಹೊಡೆದರು. ನನಗೆ ಮಾತ್ರ ಎಲ್ಲಾದರೂ ಹೋಗಿ ತಲೆ ಚಚ್ಚಿಕೊಳ್ಳೋಣ ಅನ್ನಿಸಿತ್ತು.

ಇಂಥವರಿಗೆ ಒಬ್ಬ ಗಂಡ. ಊರು ಅವರನ್ನು ಯಜಮಾನರು ಎಂದೇ ಕರೆಯುತ್ತಿತ್ತು, ಬಹುಶಃ ಸಮಾಧಾನಕ್ಕೆ. ಮೆಣಸು, ಏಲಕ್ಕಿ ವ್ಯಾಪಾರ. ಮೇಡಂ ಏನು ಹೇಳಿದರೂ ‘ಸರಿ’ ಅನ್ನುವವರು. ಅಳಿಯನನ್ನು ಆರಿಸಿದಾಗ ಸರಿ, ಮನೆಗೆ ಹಳದಿ ಬಣ್ಣ ಹೊಡೆಸಿದಾಗ ಸರಿ. ಅವರು ಯಾರನ್ನೂ ಕೇಳದೆ ಮಾಡುತ್ತಿದ್ದ ಕೆಲಸ ಒಂದೇ. ಮಾಲು ಹಾಕಲು ಹಾಸನಕ್ಕೋ ಮೈಸೂರಿಗೋ ಹೋದಾಗ ಪಿಕ್ಚರಿನ ಡಿವಿಡಿ ತರುತ್ತಿದ್ದರು. ಡೂಪ್ಲಿಕೇಟು ಮುಟ್ಟುವವರಲ್ಲ, ಕವರು, ಡಬ್ಬಿ ಎಲ್ಲ ಇರುವ ಒರಿಜಿನಲ್ಲೇ ಆಗಬೇಕು. ಅಣ್ಣ ತಂಗಿಯ ಪಿಕ್ಚರು, ತಾಯಿ ಮಗನ ಪಿಕ್ಚರು, ಹಾವಿನ ಪಿಕ್ಚರು, ಒಟ್ಟಿನಲ್ಲಿ ಅಳು ಇರಬೇಕು. ಒಂದು ಕಬ್ಬಿಣದ ಬೀರು ತುಂಬ ಅದೇ. ಬೀರುವಿನೊಳಗೆ ಸೀರೆಗೆ ಜಾಗ ಇಲ್ಲ ಎಂದು ಮೇಡಂ ಗೊಣಗುತ್ತಿದ್ದರು, ಆದರೆ ಅದೊಂದಕ್ಕೆ ಅಡ್ಡ ಬರಲಿಲ್ಲ.

ಮೇಡಂ ರಿಟೈರ್ ಆದ ಸ್ವಲ್ಪ ದಿನಕ್ಕೇ ಯಜಮಾನರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಹೋಯಿತು. ಮಾತೂ ಹೋಯಿತು. ಒಂದೇ ಒಂದು ಶಬ್ದ ಉಳಿಯಿತು: ಸರಿ. ಹಸಿವಾದರೂ ಸರಿ, ಸಿಟ್ಟು ಬಂದರೂ ಸರಿ, ಸೊಳ್ಳೆ ಕಚ್ಚಿದರೂ ಸರಿ. ಜಾಸ್ತಿ ಬಳಸಿದ್ದು ಗಟ್ಟಿ ಇರುತ್ತೆ ಕಣ್ರೀ, ಅದಕ್ಕೇ ಅದೊಂದು ಉಳ್ಕೊಂಡಿದೆ ಎಂದು ಊರಿನವರು ಆಡಿಕೊಂಡರು. ನಾನೂ ಆಡಿಕೊಂಡೆ.

ಹಾಲಿನಲ್ಲಿ ಮಂಚ ಹಾಕಿ, ಎದುರಿಗೆ ಟಿವಿ ಇಟ್ಟರು. ಆದರೆ ಡಿವಿಡಿ ಹಾಕಬೇಕಾದರೆ ಏಳಬೇಕು, ಡಬ್ಬಿ ತೆಗೆಯಬೇಕು, ಪ್ಲೇಯರಿನ ಬಾಯಿಗೆ ಇಡಬೇಕು. ಎರಡು ಕೈ ಬೇಕು. ಯಜಮಾನರು ಬೀರುವಿನ ಕಡೆ ನೋಡಿ ‘ಸರಿ’ ಎನ್ನುವರು. ಮೇಡಂ ಒಂದು ತಂದು ಹಾಕುವರು. ‘ಸರಿ, ಸರಿ’ ಎಂದು ತಲೆ ಅಲ್ಲಾಡಿಸುವರು, ಅಂದರೆ ಇದಲ್ಲ. ಇನ್ನೊಂದು. ಇದೂ ಅಲ್ಲ. ಅದರ ಮೇಲೆ ನಮ್ಮ ಮಳೆಗಾಲ. ಬೀರುವಿನೊಳಗೆ ಬಲ್ಬು ಉರಿಸಿಟ್ಟರೂ ಡಿಸ್ಕುಗಳ ಮೇಲೆ ಬೂಸಲು ಬಂದಿತ್ತು, ಅರ್ಧ ಓಡಿ ನಿಲ್ಲುತ್ತಿದ್ದವು.

ಅಷ್ಟರಲ್ಲಿ ನಾನೂ ರಿಟೈರ್ ಆಗಿದ್ದೆ. ಒಂದು ಬೆಳಗ್ಗೆ ಮೇಡಂ ನಮ್ಮ ಮನೆ ಬಾಗಿಲಿಗೆ ಬಂದು ನಿಂತರು. ‘ಮೇಷ್ಟ್ರೇ, ಖಾಲಿ ಇದೀರಲ್ಲ. ಬನ್ನಿ.’ ಖಾಲಿ ಇದ್ದೀರಾ ಎಂದು ಅವರು ಕೇಳಲಿಲ್ಲ, ಗಮನಿಸಿ.

ಡಿಸ್ಕುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಒಂದೊಂದನ್ನೂ ಫೈಲು ಮಾಡಿ, ದೊಡ್ಡ ಹಾರ್ಡ್ ಡಿಸ್ಕಿನಲ್ಲಿ ಹಾಕಿಟ್ಟರೆ, ಅದು ಮನೆಯ ವೈಫೈ ಮೇಲೆ ಸೀದಾ ಟಿವಿಗೆ ಬರುತ್ತದಂತೆ. ಟಿವಿಯಲ್ಲಿ ಪಿಕ್ಚರುಗಳ ಪಟಗಳು ಸಾಲಾಗಿ ಕಾಣುತ್ತವೆ, ಎಡಗೈ ಹೆಬ್ಬೆರಳಿನಲ್ಲಿ ರಿಮೋಟು ಒತ್ತಿ ಬೇಕಾದ್ದನ್ನು ನೋಡಬಹುದು. ಇದನ್ನೆಲ್ಲ ಮೊಬೈಲಿನಲ್ಲಿ ಯಾರದೋ ವಿಡಿಯೋ ನೋಡಿ ಕಲಿತಿದ್ದರು. ‘ಅವನು ಪಾಠ ಮಾಡೋ ಕ್ರಮ ಸರಿ ಇಲ್ಲ, ವಿಷಯ ಮಾತ್ರ ತಿಳ್ಕೊಂಡಿದಾನೆ’ ಎಂದು ಅವನಿಗೂ ಮಾರ್ಕು ಹಾಕಿದರು.

ನನ್ನ ಕೆಲಸ ಬೂಸಲು ಒರೆಸುವುದು. ಸೋಪಿನ ನೀರು, ಹಳೇ ಬನಿಯನ್ನು. ನಾನು ತಟ್ಟೆ ಒರೆಸುವ ಹಾಗೆ ಸುತ್ತ ಒರೆಸಿದೆ. ‘ನಡುವಿನಿಂದ ಅಂಚಿಗೆ ಮೇಷ್ಟ್ರೇ. ಗ್ರೌಂಡ್ ಸುತ್ತಿಸಿ ಸುತ್ತಿಸಿ ನಿಮಗೆ ಎಲ್ಲದನ್ನೂ ಸುತ್ತೋದೇ ಅಭ್ಯಾಸ’ ಎಂದು ಬೈಸಿಕೊಂಡೆ. ಕಂಪ್ಯೂಟರಿಗೆ ಥಂಡಿ ಹಿಡಿಯಬಾರದೆಂದು ಅದಕ್ಕೊಂದು ಶಾಲು ಹೊದಿಸಿದ್ದರು. ಅರ್ಧ ಇಳಿದಾಗ ಕರೆಂಟು ಹೋದರೆ ಮತ್ತೆ ಮೊದಲಿಂದ. ಲೈನ್‌ಮನ್ ಅವರ ಶಿಷ್ಯನೇ. ಆ ಮಳೆಗಾಲವಿಡೀ ಅವನು ಲೈನು ತೆಗೆಯುವ ಮುಂಚೆ ಫೋನ್ ಮಾಡಿ ‘ಮೇಡಂ, ಪಿಕ್ಚರ್ ಮುಗೀತಾ?’ ಎಂದು ಕೇಳುತ್ತಿದ್ದ. ಇಡೀ ಊರಿನ ಕರೆಂಟು ಹೀಗೆ ಒಬ್ಬ ಖಳನಾಯಕ ಸಾಯುವವರೆಗೆ ಕಾದದ್ದೂ ಉಂಟು.

ಹಾರ್ಡ್ ಡಿಸ್ಕಿನಲ್ಲಿ ಅವರು ಮಾಡಿದ್ದು ಪಿಕ್ಚರುಗಳ ಶಾಲೆ. ದೇವರ ಪಿಕ್ಚರುಗಳು ಒಂದನೇ ತರಗತಿಯಲ್ಲಿ. ಸಂಸಾರದವು ಏಳನೇ ತರಗತಿ. ಹೊಡೆದಾಟದವು ಹತ್ತನೇ ತರಗತಿ. ಕ್ಯಾಬರೆ ಕುಣಿತ ಇರುವ ಕೆಲವಿದ್ದವು, ಅವಕ್ಕೆ ‘ಟಿ.ಸಿ. ಕೊಟ್ಟು ಕಳಿಸಿದ್ದು’ ಎಂದು ಬೇರೆಯೇ ಕೋಣೆ. ಎಲ್ಲ ಜೋಡಿಸಿ ರಿಮೋಟನ್ನು ಯಜಮಾನರ ಎಡಗೈಗೆ ಕೊಟ್ಟ ದಿನ ಅವರ ಹೆಬ್ಬೆರಳು ಒಂದು ಕ್ಷಣವೂ ತಡಮಾಡದೆ ಟಿ.ಸಿ. ಕೊಟ್ಟ ಕೋಣೆಗೆ ಹೋಯಿತು. ಮೇಡಂ ಕಿಟಕಿಯ ಕಡೆ ತಿರುಗಿ ನಿಂತರು. ನಗುತ್ತಿದ್ದರು ಎಂದು ನನ್ನ ಅನುಮಾನ.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಯಜಮಾನರಿಗೆ ಪಾರ್ಶ್ವವಾಯುವಿನ ಜೊತೆಗೆ ಇನ್ನೊಂದು ಬಂದಿತ್ತು, ಅಳು. ಟಿವಿಯಲ್ಲಿ ಯಾರಾದರೂ ಸತ್ತರೆ ಅತ್ತರು, ಸರಿ. ಕುಕ್ಕರಿನ ಜಾಹೀರಾತಿಗೂ ಅಳುತ್ತಿದ್ದರು. ಒಮ್ಮೆ ಶುರುವಾದರೆ ಕೆಮ್ಮು ಹತ್ತಿ, ಮುಖ ಕೆಂಪಗಾಗಿ, ಉಸಿರು ಸಿಕ್ಕಿಹಾಕಿಕೊಳ್ಳುತ್ತಿತ್ತು. ಹಾಸನದ ಡಾಕ್ಟರು, ಇದು ನರದ ದೋಷ, ಅಳಲಿ ಬಿಡಿ, ಅದರಿಂದ ಏನೂ ಆಗುವುದಿಲ್ಲ ಎಂದಿದ್ದರು. ಅದೇ ಡಾಕ್ಟರು ಬೇರೆ ಮಾತಿಗೆ, ಇನ್ನೊಂದು ಸಲ ಹೊಡೆದರೆ ಉಳಿಸಿಕೊಳ್ಳುವುದು ಕಷ್ಟ ಎಂದೂ ಹೇಳಿದ್ದರು. ಮೇಡಂ ಎರಡು ಮಾತನ್ನೂ ಕೂಡಿಸಿ ತಾವೇ ಒಂದು ಉತ್ತರ ತೆಗೆದರು: ಅತ್ತರೆ ಗಂಡ ಹೋಗುತ್ತಾನೆ. ನಾನು ಡಾಕ್ಟರ ಮಾತನ್ನು ನೆನಪಿಸಿದೆ. ‘ಇವರನ್ನ ನೋಡ್ಕೊಳ್ತಿರೋದು ಆ ಡಾಕ್ಟರಲ್ಲ ಮೇಷ್ಟ್ರೇ, ನಾನು’ ಎಂದರು. ಅವರ ಮುಖದಲ್ಲಿ ಹೆದರಿಕೆಯನ್ನು ನಾನು ಮೊದಲ ಸಲ ನೋಡಿದ್ದು ಅವತ್ತು, ಅದಕ್ಕೇ ಮತ್ತೆ ವಾದ ಮಾಡಲಿಲ್ಲ.

ಆಮೇಲೆ ಕತ್ತರಿ ಹಿಡಿದರು. ಫೈಲಿನಿಂದ ಬೇಡದ್ದನ್ನು ತೆಗೆಯುವುದನ್ನೂ ಕಲಿತಿದ್ದರು. ಒಂದೊಂದು ಪಿಕ್ಚರನ್ನೂ ಕೂತು ನೋಡಿ, ಅದರೊಳಗಿನ ಸಾವನ್ನೆಲ್ಲ ಕತ್ತರಿಸಿ ಬಿಸಾಡಿದರು. ಆಪರೇಷನ್ ಕೋಣೆಯಿಂದ ಡಾಕ್ಟರು ಹೊರಗೆ ಬಂದು ಕನ್ನಡಕ ತೆಗೆದರೆ ಅಲ್ಲಿಗೆ ಕಟ್. ದೀಪ ಆರಿದರೆ ಕಟ್. ಒಂದು ಪಿಕ್ಚರಿನಲ್ಲಿ ಡಾಕ್ಟರು ಕನ್ನಡಕ ತೆಗೆದದ್ದು ಬರೀ ಒರೆಸಿಕೊಂಡು ‘ಗಂಡು ಮಗು’ ಎನ್ನುವುದಕ್ಕೆ; ಅಭ್ಯಾಸಬಲದಿಂದ ಅದೂ ಹೋಯಿತು. ಆ ಪಿಕ್ಚರಿನಲ್ಲಿ ಮಗು ಎಲ್ಲಿಂದ ಬಂತು ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಈ ಹೊತ್ತಿಗೆ ಅವರ ವೈಫೈ ಅರ್ಧ ಬೀದಿಗೆ ಹಂಚಿಹೋಗಿತ್ತು. ಪಕ್ಕದ ಮನೆಯ ಬೇಕರಿ ಕಾಕ ಗೋಡೆಯಾಚೆ ತಮ್ಮ ಟಿವಿಯಲ್ಲಿ ದಿನಾ ಮಧ್ಯಾಹ್ನ ಒಂದು ಪಿಕ್ಚರು ನೋಡುತ್ತಿದ್ದರು. ಕಣ್ಣೂರು ಕಡೆಯವರು, ಇಲ್ಲಿಗೆ ಬಂದು ಕೂದಲು ಹಣ್ಣಾಗಿದೆ. ಒಂದು ದಿನ ಬನ್ನಿನ ಪೊಟ್ಟಣ ಹಿಡಿದುಕೊಂಡು ಬಂದು ಬಾಗಿಲಲ್ಲೇ ನಿಂತರು.

‘ಮೇಡಂ, ಒಂದು ಡೌಟು. ಆ ಅಮ್ಮ ಎಲ್ಲಿ ಹೋಯ್ತು?’

‘ಯಾವ ಅಮ್ಮ?’

‘ಪಿಕ್ಚರಲ್ಲಿ. ಕೆಮ್ಮಿ ಕೆಮ್ಮಿ ಆಸ್ಪತ್ರೆಗೆ ಹೋಯ್ತಲ್ಲ, ಆಮೇಲೆ ಬರ್ಲೇ ಇಲ್ಲ. ಡಿಸ್ಚಾರ್ಜ್ ಆಯ್ತಾ, ಇಲ್ವಾ? ಮಗ ಸುಮ್ಸುಮ್ನೆ ಎಲ್ರಿಗೂ ಹೊಡೀತಾ ಇದಾನೆ. ಎಂತಕ್ಕೆ ಹೊಡೀತಾನೆ ಅಂತ ನಂಗೆ ಗೊತ್ತಾಗ್ತಿಲ್ಲ.’

‘ಚೆನ್ನಾಗಿದಾರೆ ಕಾಕಾ. ನೆಂಟರ ಮನೆಗೆ ಹೋಗಿದಾರೆ’ ಎಂದರು ಮೇಡಂ, ಕಣ್ಣು ಮಿಟುಕಿಸದೆ.

ಕಾಕ ತಲೆ ಕೆರೆದುಕೊಂಡು ಹೋದರು. ನಮ್ಮ ಬೀದಿಯಲ್ಲಿ ಯಾವ ಪಿಕ್ಚರಿನಲ್ಲೂ ಯಾರೂ ಸಾಯುತ್ತಿರಲಿಲ್ಲ. ಹುಲಿ ಬಾಯಿಗೆ ಸಿಕ್ಕಿದವನೂ, ಗುಂಡು ತಗುಲಿದವನೂ, ವಿಷ ಕುಡಿದವಳೂ ಎಲ್ಲಿಗೋ ಹೋಗಿರುತ್ತಿದ್ದರು. ನಾಯಕ ಮೈಮೇಲೆ ದೆವ್ವ ಬಂದವನ ಹಾಗೆ ಕಾರಣವಿಲ್ಲದೆ ಹೊಡೆದಾಡಿ, ಕಾರಣವಿಲ್ಲದೆ ಗೆಲ್ಲುತ್ತಿದ್ದ. ನನ್ನ ರಾಜ ಒಬ್ಬನೇ ಕಾಶಿಗೆ ಹೋದನೆಂದು ಬೇಜಾರು ಮಾಡಿಕೊಂಡಿದ್ದೆ, ಈಗ ಅವನಿಗೆ ಭರ್ತಿ ಜೊತೆ ಸಿಕ್ಕಿತು.

ಬೀದಿಗೆ ಮೋಸ ಮಾಡಬಹುದು. ಯಜಮಾನರಿಗೆ ಹೇಗೆ ಮಾಡುವುದು? ಆ ಪಿಕ್ಚರುಗಳನ್ನು ಅಂಗಡಿ ಅಂಗಡಿ ಅಲೆದು ತಂದವರು ಅವರು. ಯಾವ ಹಾಡಾದ ಮೇಲೆ ಯಾವ ತಾಯಿ ಸಾಯುತ್ತಾಳೆ ಎಂದು ಬಾಯಿಪಾಠ. ಮೊದಲನೇ ಸಲ ಜಾಗ ತಪ್ಪಿ ಜಿಗಿದಾಗ ಡಿಸ್ಕಿನ ದೋಷ ಎಂದುಕೊಂಡಿರಬೇಕು. ಎರಡನೆಯದು, ಮೂರನೆಯದು ಹಾಗೇ ಆದಾಗ ಮೇಡಂ ಮುಖ ನೋಡಿದರು. ರಿಮೋಟಿನಲ್ಲಿ ಮಂಚದ ಪಟ್ಟಿಗೆ ಬಡಿದರು. ‘ಸರಿ. ಸರಿ. ಸರಿ.’ ಆಮೇಲೆ ಟಿವಿ ಆರಿಸಿ ಗೋಡೆ ಕಡೆ ಮುಖ ಮಾಡಿದರು. ಅವತ್ತು ಗಂಜಿ ಕುಡಿಯಲಿಲ್ಲ. ಮಾರನೇ ದಿನವೂ ಇಲ್ಲ, ಚಮಚ ತಂದರೆ ತುಟಿ ಬಿಗಿ ಹಿಡಿದರು.

ನಾನು ಹೋದಾಗ ಮೇಡಂ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದರು. ಅವರು ಮೆಟ್ಟಿಲ ಮೇಲೆ ಕೂರುವವರಲ್ಲ, ಅದರಲ್ಲೂ ಸೆರಗು ನೆಲಕ್ಕೆ ತಾಗಿಸಿಕೊಂಡು.

‘ಮದುವೆ ಆದಾಗಿಂದ ಅವರು ನನ್ ಮೇಲೆ ಸಿಟ್ಟು ಮಾಡ್ಕೊಂಡೋರೇ ಅಲ್ಲ ಮೇಷ್ಟ್ರೇ. ಇದೇ ಮೊದ್ಲು. ಇದನ್ನ ಹೆಂಗೆ ತಗೋಬೇಕು ಅಂತಾನೇ ಗೊತ್ತಾಗ್ತಿಲ್ಲ.’

‘ಡಿಸ್ಕ್ ಇದೆಯಲ್ಲ ಮೇಡಂ. ಇನ್ನೊಂದು ಸಲ ಪೂರ್ತಿ ಇಳ್ಸಿ ಹಾಕಿದ್ರಾಯ್ತು.’

‘ಅತ್ರೆ?’

‘ಅಳ್ಲಿ. ಉಪವಾಸದಲ್ಲಿ ಹೋಗೋದಕ್ಕಿಂತ ಅಳೋದು ವಾಸಿ ಅಲ್ವಾ?’

ಯೋಚನೆ ಮಾಡಿದರು. ಎದ್ದು ಬಚ್ಚಲ ಮನೆಗೆ ನಡೆದರು. ಅವರ ಬಚ್ಚಲಲ್ಲಿ ಹಂಡೆಯ ಒಲೆ, ಅದರ ಮೇಲೆ ಅಟ್ಟ. ನಮ್ಮ ಕಡೆ ಮಳೆಗಾಲದಲ್ಲಿ ಥಂಡಿಗೆ ಹೆದರುವ ವಸ್ತುವೆಲ್ಲ ಈ ಅಟ್ಟಕ್ಕೇ ಹೋಗುವುದು: ಏಲಕ್ಕಿ, ಬಿತ್ತನೆ ಬೀಜ, ಕಂಬಳಿ, ಮಕ್ಕಳ ಮಾರ್ಕ್ಸ್ ಕಾರ್ಡು, ಮದುವೆ ಬೂಟು. ಹಾಗೆಯೇ ಮೇಡಂ, ಫೈಲು ಮಾಡಿ ಮುಗಿದ ಡಿಸ್ಕುಗಳನ್ನೆಲ್ಲ ಮತ್ತೆ ಬೂಸಲು ಬಾರದಿರಲೆಂದು ಗೋಣಿಚೀಲಕ್ಕೆ ತುಂಬಿ ಅಲ್ಲಿಟ್ಟಿದ್ದರು. ಊರಿನ ಯಾರನ್ನು ಕೇಳಿದರೂ ಅಲ್ಲೇ ಇಡಿ ಅನ್ನುತ್ತಿದ್ದರು. ಕೆಳಗೆ ದಿನಾ ಬೆಳಗ್ಗೆ ಸಿಲ್ವರ್ ಓಕ್ ಸೌದೆ ಉರಿದಿದೆ.

ಚೀಲ ಇಳಿಸಿ ಬಿಚ್ಚಿದೆವು. ಡಿಸ್ಕುಗಳು ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿದ್ದವು. ಮೇಲೆ ಹೊಗೆಯ ಜಿಡ್ಡು. ಒಂದನ್ನು ಡ್ರೈವಿಗೆ ಹಾಕಿದರೆ ಒಳಗೆ ಗರಗಸ ಓಡಿದ ಸದ್ದಾಯಿತು. ಮೇಡಂ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟರು. ಕತ್ತರಿಸಿದ ತುಂಡುಗಳನ್ನು ಅವರು ಎಲ್ಲೂ ಉಳಿಸಿಕೊಂಡಿರಲಿಲ್ಲ. ಗಂಡ ಜೀವಮಾನವಿಡೀ ಕೂಡಿಸಿದ್ದ ಅಳು ಪೂರ್ತಿ ಹೋಗಿತ್ತು. ಆ ಹೆಂಗಸು ಸೋತದ್ದನ್ನು ನೋಡಬೇಕೆಂದು ಎಷ್ಟು ಸಲ ಆಸೆಪಟ್ಟಿದ್ದೆನೋ, ನೋಡಿದಾಗ ಒಂದು ಚೂರೂ ಖುಷಿಯಾಗಲಿಲ್ಲ.

ಅವರು ಕೈ ತೊಳೆದುಕೊಂಡರು. ಸೆರಗಿಗೆ ಒರೆಸಿಕೊಂಡರು. ಹಾಲಿಗೆ ಬಂದು, ಮಂಚದ ಪಕ್ಕ ಕುರ್ಚಿ ಹಾಕಿ ಕೂತು, ತಾಯಿ ಮಗನ ಪಿಕ್ಚರನ್ನು ತಾವೇ ಹಚ್ಚಿದರು. ಯಜಮಾನರು ಗೋಡೆ ಕಡೆಯೇ ಇದ್ದರು. ತಾಯಿ ಕೆಮ್ಮಿದಳು, ಆಸ್ಪತ್ರೆಗೆ ಹೋದಳು. ಜಿಗಿಯುವ ಜಾಗ ಬಂದ ತಕ್ಷಣ ಮೇಡಂ ರಿಮೋಟು ಒತ್ತಿ ನಿಲ್ಲಿಸಿದರು.

‘ರೀ, ಈ ಕಡೆ ತಿರುಗಿ. ಇಲ್ಲಿ ಏನಾಗತ್ತೆ ಅಂತ ನಾನು ಹೇಳ್ತೀನಿ. ಡಾಕ್ಟರು ಹೊರಗೆ ಬರ್ತಾರೆ. ಕನ್ನಡಕ ತೆಗೀತಾರೆ. ಮಗ ಒಳಗೆ ಓಡ್ತಾನೆ. ತಾಯಿ ಹೇಳ್ತಾಳೆ, ಮಗನೇ, ನಿನ್ನ ತಂಗೀನ ನೋಡ್ಕೋ. ಅಲ್ಪವಿರಾಮ. ಕೆಮ್ಮು. ಅವಳಿಗೆ ಯಾರೂ ಇಲ್ಲ. ಪೂರ್ಣವಿರಾಮ. ಆಮೇಲೆ ಕೈ ಕೆಳಗೆ ಬೀಳತ್ತೆ.’

ಉಕ್ತಲೇಖನ ಹೇಳುವ ಧಾಟಿ. ಸ್ವರದಲ್ಲಿ ಏರಿಲ್ಲ, ಇಳಿವಿಲ್ಲ. ನನಗೆ ನಗು ಬಂದು ತುಟಿ ಕಚ್ಚಿಕೊಂಡೆ. ಯಜಮಾನರು ನಿಧಾನಕ್ಕೆ ತಿರುಗಿದರು. ‘ಸರಿ’ ಎಂದು ಎಡಗೈಯಲ್ಲಿ ಹಣೆ ಮುಟ್ಟಿ ತೋರಿಸಿದರು. ಮೇಡಂಗೆ ನೆನಪಾಯಿತು. ‘ಹೌದು, ಬಿಟ್ಟಿದ್ದೆ. ಮಗ ಅವಳ ಹಣೆ ಮುಟ್ತಾನೆ. ಕುಂಕುಮ ಅವನ ಕೈಗೆ ಅಂಟತ್ತೆ.’

ಆಗ ಯಜಮಾನರು ಅತ್ತರು. ಕೆಮ್ಮಿದರು, ಮುಖ ಕೆಂಪಗಾಯಿತು. ಮೇಡಂ ಅವರ ಬೆನ್ನ ಮೇಲೆ ಕೈಯಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಕುರ್ಚಿ ಗಟ್ಟಿ ಹಿಡಿದು ಕೂತಿದ್ದರು. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಏನೂ ಆಗಲಿಲ್ಲ. ಯಜಮಾನರು ಮೂಗೊರೆಸಿಕೊಂಡು ಗಂಜಿ ಕಡೆ ನೋಡಿದರು.

‘ಡಾಕ್ಟರು ಹೇಳಿದ್ದು ನಿಜ ಆಯ್ತಲ್ಲ ಮೇಡಂ’ ಎಂದು ನಾನು ಬಾಯಿ ಬಿಟ್ಟೆ.

‘ಪಿಕ್ಚರ್ ನೋಡಿ ಅತ್ರೆ ಅಪಾಯಾನೇ. ನಾನು ಹೇಳಿ ಅಳ್ಸಿದ್ರೆ ಏನೂ ಆಗಲ್ಲ’ ಎಂದರು. ತಪ್ಪೊಪ್ಪಿಕೊಳ್ಳುವುದರ ಕಡೆಗೆ ಅವರು ಬಂದದ್ದು ಅಷ್ಟೇ ದೂರ.

ಅಲ್ಲಿಂದ ಆ ಮನೆಯಲ್ಲಿ ಹಾಗೇ ನಡೆಯಿತು. ಕತ್ತರಿಸುವಾಗ ಕೂತು ನೋಡಿದ್ದರಿಂದ ಎಲ್ಲರ ಸಾವೂ ಮೇಡಂಗೆ ನೆನಪಿತ್ತು. ಹಾವಿನ ಪಿಕ್ಚರಿನಲ್ಲಿ ಹಾವಿನ ಸಾವನ್ನೂ ಹೇಳಿದರು. ಬೇಕರಿ ಕಾಕ ಗೋಡೆಯಾಚೆ ನೋಡುವುದು ಬಿಟ್ಟು ಸೀದಾ ಹಾಲಿಗೇ ಬಂದು ಕೂರತೊಡಗಿದರು. ಡಿವಿಡಿಯಲ್ಲಿ ಇದ್ದದ್ದಕ್ಕಿಂತ ಮೇಡಂ ಹೇಳಿದ್ದೇ ಚೆನ್ನ ಎಂದು ಅವರ ಅಭಿಪ್ರಾಯ. ‘ಅದರಲ್ಲಿ ಮ್ಯೂಸಿಕ್ ಹಾಕಿ ಅಳಿಸ್ತಾರೆ. ಇವರು ಬೈದು ಅಳಿಸ್ತಾರೆ’ ಎನ್ನುತ್ತಿದ್ದರು.

ಈ ವರ್ಷ ಶಾಲೆ ಶುರುವಾದ ಮೇಲೆ, ಮಳೆ ಹಿಡಿಯುವ ಮುಂಚೆ ಒಂದು ಮಧ್ಯಾಹ್ನ ಮೇಡಂಗೆ ಎದೆ ಹಿಡಿದುಕೊಂಡಿತು. ಬಿ.ಪಿ. ತೋರಿಸಿಕೊಂಡು ಬರ್ತೀನಿ ಎಂದು ಗಂಡನಿಗೆ ಹೇಳಿ ಆಂಬ್ಯುಲೆನ್ಸ್ ಹತ್ತಿದರು. ಕೊಡ್ಲಿಪೇಟೆಯಲ್ಲಿರುವ ಮಗಳು ಅವತ್ತು ಇಲ್ಲೇ ಬಂದಿದ್ದಳು. ಅವಳೂ ನಾನೂ ಜೊತೆಗೆ ಹೋದೆವು, ಕಾಕ ಯಜಮಾನರ ಹತ್ತಿರ ಉಳಿದರು. ಹಾಸನ ಮುಟ್ಟಿದ ಮೇಲೆ ಹೆಚ್ಚು ಹೊತ್ತು ಇರಲಿಲ್ಲ.

ನೆಂಟರು ಸೇರಿದರು. ಅಪ್ಪನಿಗೆ ಹೇಳುವುದು ಹೇಗೆ? ಅತ್ತರೆ ಅಪಾಯ ಎಂದು ಅಮ್ಮ ಹೇಳಿದ್ದಾರಲ್ಲ. ಪಿಕ್ಚರಿನ ಸಾವಿಗೇ ಹಾಗೆ ಆಡುವವರು ಇದನ್ನು ತಡೆಯುತ್ತಾರಾ? ನಾನು ಹೇಳಿಬಿಡೋಣ ಎಂದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಯಜಮಾನರನ್ನು ಕಾರಿನಲ್ಲಿ ಕೂರಿಸಿ ಕೊಡ್ಲಿಪೇಟೆಯ ಮಗಳ ಮನೆಗೆ ಕಳಿಸಿದರು. ಮೇಡಂ ಹಾಸನದ ಆಸ್ಪತ್ರೆಯಲ್ಲಿದ್ದಾರೆ ಎಂದರು. ಇಲ್ಲಿ ನಾವು ಮಣ್ಣು ಮಾಡಿದೆವು, ತಿಥಿ ಮಾಡಿದೆವು, ಊರಿಗೆಲ್ಲ ಊಟ ಹಾಕಿದೆವು. ಶುಂಠಿಯವನು ಮೂಲೆಯಲ್ಲಿ ನಿಂತು ಮಗುವಿನ ಹಾಗೆ ಅತ್ತ. ಊರಿನಲ್ಲಿ ಅಳದೆ ಉಳಿದವರು ಇಬ್ಬರೇ, ಯಜಮಾನರು ಮತ್ತು ನಾನು. ನನಗೆ ಬರಲಿಲ್ಲ, ಅಷ್ಟೇ.

ಮಗಳ ಮನೆಯಲ್ಲಿ ಯಜಮಾನರು ನಿಲ್ಲಲಿಲ್ಲ. ಅವರ ಪಿಕ್ಚರುಗಳಿದ್ದದ್ದು ಇಲ್ಲಿ. ಮಗಳು ಅವರನ್ನು ವಾಪಸು ಕರೆತಂದಳು, ತಾನೂ ಇಲ್ಲೇ ಉಳಿದಳು. ನಾನು ನೋಡಲು ಹೋದಾಗ ಬಾಗಿಲಲ್ಲೇ ತಡೆದು, ‘ಮೇಷ್ಟ್ರೇ, ಕೇಳಿದ್ರೆ ಅಮ್ಮ ಇನ್ನೂ ಆಸ್ಪತ್ರೇಲಿದಾರೆ ಅನ್ನಿ’ ಎಂದು ಪಿಸುಗುಟ್ಟಿ ಅಡುಗೆಮನೆಗೆ ಹೋದಳು.

ಯಜಮಾನರು ನನ್ನನ್ನು ನೋಡಿ ಎಡಗೈ ಎತ್ತಿದರು. ಇಳಿದುಹೋಗಿದ್ದರು. ರಿಮೋಟು ಒತ್ತಿ ತಾಯಿ ಮಗನ ಪಿಕ್ಚರು ಹಾಕಿದರು. ನಾನು ಕುರ್ಚಿಯಲ್ಲಿ ಕೂತೆ; ಅದು ಮೇಡಂ ಕುರ್ಚಿ ಎಂದು ಕೂತ ಮೇಲೆ ಹೊಳೆಯಿತು. ತಾಯಿ ಕೆಮ್ಮಿದಳು. ಆಸ್ಪತ್ರೆಗೆ ಹೋದಳು. ಮಗ ವರಾಂಡದಲ್ಲಿ ಅತ್ತಿಂದಿತ್ತ ಓಡಾಡಿದ. ಜಿಗಿಯುವ ಜಾಗಕ್ಕೆ ಸರಿಯಾಗಿ ಯಜಮಾನರು ಒತ್ತಿ ನಿಲ್ಲಿಸಿದರು.

ಟಿವಿಯ ಮೇಲೆ ಆಸ್ಪತ್ರೆಯ ಬಾಗಿಲು ನಿಂತಿತ್ತು. ಅವರು ಅದನ್ನು ನೋಡಲಿಲ್ಲ. ನನ್ನನ್ನು ನೋಡಿದರು.

‘ಸರಿ?’ ಎಂದರು.

ಎಷ್ಟೋ ಸಲ ಕೇಳಿದ್ದ ಸಾವು ಅದು, ಹಣೆಯ ಕುಂಕುಮದ ಸಮೇತ ಹೇಳಬಹುದಿತ್ತು. ಆದರೆ ಅವರು ಕೇಳುತ್ತಿದ್ದುದು ಅದನ್ನಲ್ಲ. ಕೈ ಚಾಚಿ ನನ್ನ ತೋಳು ಹಿಡಿದರು. ಆ ಕೈಯಲ್ಲಿ ಅಷ್ಟು ಬಲ ಇದ್ದದ್ದು ನನಗೆ ಗೊತ್ತಿರಲಿಲ್ಲ.

‘ಯಜಮಾನ್ರೇ, ನಾನೂ ಆಂಬ್ಯುಲೆನ್ಸಲ್ಲಿ ಇದ್ದೆ’ ಎಂದೆ. ‘ನಮ್ಮ ಶಾಲೆ ಹತ್ರ ಬಂದಾಗ ಕಣ್ಣು ಬಿಟ್ರು. ಡ್ರೈವರಿಗೆ, ಸೈರನ್ ನಿಲ್ಸು, ಒಳಗೆ ಪಾಠ ನಡೀತಿದೆ ಅಂದ್ರು. ಅವ್ನು ನಿಲ್ಸಿದ. ಶಾಲೆ ದಾಟಿದ ಮೇಲೇನೇ ಮತ್ತೆ ಹಾಕಿದ್ದು. ಆಮೇಲೆ ನನ್ ಕಡೆ ತಿರುಗಿ, ಅವರ ರಾತ್ರಿ ಮಾತ್ರೆ ಊಟ ಆದ್ಮೇಲೆ, ಮುಂಚೆ ಅಲ್ಲ ಅಂದ್ರು. ಮಗಳ ಕೈ ಹಿಡ್ಕೊಂಡಿದ್ರು. ಆಸ್ಪತ್ರೇಲಿ ಒಳಗೆ ಕರ್ಕೊಂಡೋದ್ರು. ನಾವು ಹೊರಗೆ ಕೂತಿದ್ವಿ. ಡಾಕ್ಟರು ಬಂದ್ರು.’

ಅಲ್ಲಿ ನನಗೆ ನಿಂತುಹೋಯಿತು. ಯಜಮಾನರು ಕಾದರು. ತೋಳು ಬಿಡಲಿಲ್ಲ.

‘ಹೋಗ್ಬಿಟ್ರು ಯಜಮಾನ್ರೇ. ನಮ್ಮ ಮೇಡಂ ಇನ್ನಿಲ್ಲ.’

ಯಜಮಾನರಿಗೆ ಅಳು ಬಂತು. ಅವರ ಬೆನ್ನ ಮೇಲೆ ಕೈಯಿಟ್ಟುಕೊಂಡು ನಾನೂ ಅತ್ತೆ, ಇಷ್ಟು ದಿನ ಎಲ್ಲಿತ್ತೋ. ಮಗಳು ಸೌಟು ಹಿಡಿದುಕೊಂಡೇ ಓಡಿಬಂದಳು.

‘ಏನ್ ಮಾಡಿದ್ರಿ ಮೇಷ್ಟ್ರೇ? ಅಪ್ಪ ಅಳಬಾರ್ದು.’

‘ಅಳ್ಲಿ ಬಿಡವ್ವ’ ಎಂದೆ. ‘ನೀವೆಲ್ಲ ಅತ್ತು ಮುಗಿಸಿದೀರಿ. ಅವರಿಗೆ ಈಗ ಗೊತ್ತಾಯ್ತು.’